ಗಾಜಿನಾಚೆಯ ಬಿಸಿಲು

ಮೂಡಲಗಿಯ ನಮ್ಮ ಕಾಕಾನ ಮನೆಯ ಪಡಸಾಲೆಯಲ್ಲಿ ಒಂದು ಕಪಾಟಿದೆ. ಮುಚ್ಚಿಹೋದ ಯಾವುದೋ ಬಟ್ಟೆ ಅಂಗಡಿಯಿಂದ ತಂದದ್ದು. ನಾಲ್ಕು ಅಡಿ ಅಗಲ, ಎರಡು ಅಡಿ ಆಳ, ಆಳೆತ್ತರ. ಮೊದಲು ಅದಕ್ಕೆ ಗಾಜಿನ ಬಾಗಿಲಿತ್ತು. 2023ರ ದೀಪಾವಳಿಗೆ ಕಾಕಾನ ಮಗ, ಐಟಿಐ ಓದುತ್ತಿರುವ ಹುಡುಗ, ಗಡಿಯಾಚೆಯ ಒಂದು ಊರಿನಿಂದ ಗೇಣುದ್ದದ ಎರಡು ಹಸಿರು ಇಗ್ವಾನಾ ಮರಿಗಳನ್ನು ತಂದು ಅದರೊಳಗೆ ಬಿಟ್ಟಿದ್ದ. ಫೋನು ಮಾಡಿ ಕೇಳಿದ: "ಅಕ್ಕಾ, ಕರೆಂಟಿನ ಮ್ಯಾಲೆ ಪಿಎಚ್.ಡಿ ಮಾಡಾಕತ್ತಿಯಲ್ಲ, ಇದಕ್ಕ ಯಾವ ಬಲ್ಬ್ ಹಾಕಬೇಕು ಹೇಳು."

ನಾನು ಓದುತ್ತಿರುವುದು ಬೆಳಗಾವಿ ಸೀಮೆಗೆ ವಿದ್ಯುತ್ತು ಬಂದ ಚರಿತ್ರೆ. ಪ್ರಶ್ನೆ ತಮಾಷೆಯಾಗಿ ಕಂಡಿತು. ಬೆಚ್ಚಗಿರಲಿ ಅಂತ ನೂರು ವ್ಯಾಟಿನ ಹಳೇ ಗುಂಡು ಬಲ್ಬು ಹಾಕು ಎಂದೆ. ಎಲ್‌ಇಡಿ ಬಂದ ಮೇಲೆ ಅಂಥ ಬಲ್ಬು ಸಿಗುವುದೇ ಕಷ್ಟ. ಕೋಳಿ ಫಾರ್ಮಿನಲ್ಲಿ ಮರಿಗಳಿಗೆ ಶಾಖ ಕೊಡಲು ಇಟ್ಟಿದ್ದವರಿಂದ ಅವನು ಒಂದನ್ನು ಬೇಡಿ ತಂದ. ಕಪಾಟನ್ನು ಕಿಟಕಿಯ ಪಕ್ಕ ಇಟ್ಟ. ಬೆಳಗಿನ ಬಿಸಿಲು ಕಿಟಕಿಯ ಗಾಜು, ಕಪಾಟಿನ ಗಾಜು ಎರಡನ್ನೂ ದಾಟಿ ಮರಿಗಳ ಮೈಮೇಲೆ ಬೀಳುತ್ತಿತ್ತು. ನೋಡಲು ಬಹಳ ಚೆಂದವಿತ್ತು.

ಸಂಕ್ರಾಂತಿ ಮುಗಿಯುವ ಹೊತ್ತಿಗೆ ಒಂದು ಮರಿಯ ಬೆರಳುಗಳು ನಡುಗತೊಡಗಿದವು. ಹಿಂಗಾಲು ಎಳೆಯುತ್ತ ನಡೆಯುತ್ತಿತ್ತು. ದವಡೆ ರಬ್ಬರಿನಂತೆ ಮೆತ್ತಗಾಗಿತ್ತು. ಆಯಿ ನೋಡಿ, "ಅದನ್ನ ಹೊರಗ ಅಂಗಳದಾಗ ಬಿಸಲಿಗಿ ಹಿಡಿಯೋ" ಎಂದಳಂತೆ. ದಿನವಿಡೀ ಬಿಸಿಲಲ್ಲೇ ಇದೆಯಲ್ಲ ಎಂದು ಇವನು ವಾದ ಮಾಡಿದ. ಫೆಬ್ರುವರಿ ಮೊದಲ ವಾರ ಅದು ಸತ್ತಿತು.

ಆಯಿ ಹೇಳಿದ್ದು ಸರಿಯಾಗಿತ್ತು. ಅದು ಯಾಕೆ ಸರಿ ಎಂದು ಲೋಕಕ್ಕೆ ಗೊತ್ತಾಗಿ ಆಗ ನೂರು ವರ್ಷವಾಗಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ಆಮೇಲೆ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೀವವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಕಥೆ ಲಂಡನ್ನಿನ ಒಬ್ಬ ವೈದ್ಯನಿಂದ ಶುರುವಾಗುತ್ತದೆ. ನಥಾನಿಯಲ್ ಬ್ಯಾಗ್‌ಶಾ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿಟ್ಟು ಬಾಯಿ ಮುಚ್ಚಿದ. ಪತಂಗಕ್ಕಾಗಿ ಕಾದವನಿಗೆ ಕಂಡದ್ದು ಆ ಮಣ್ಣಿನಲ್ಲಿ ತಾನಾಗಿ ಮೊಳೆತ ಜರೀಗಿಡ ಮತ್ತು ಹುಲ್ಲು. ಲಂಡನ್ನಿನ ಹೊಗೆಯಲ್ಲಿ ಅವನ ತೋಟದ ಜರೀಗಿಡಗಳು ಸಾಯುತ್ತಿದ್ದವು, ಬಾಟಲಿಯೊಳಗಿನದು ಬದುಕಿತು. 1842ರಲ್ಲಿ ಅವನು ಈ ಬಗ್ಗೆ ಪುಸ್ತಕ ಬರೆದ. 1845ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾದ ಮೇಲೆ ಗಾಜಿನ ಪೆಟ್ಟಿಗೆ ಮಧ್ಯಮ ವರ್ಗದ ಮನೆಗಳಿಗೂ ಬಂತು. ಸಾಮ್ರಾಜ್ಯಕ್ಕೂ ಅದು ಉಪಯೋಗಕ್ಕೆ ಬಂತು. ಚೀನಾದ ಚಹಾ ಗಿಡಗಳನ್ನು ರಾಬರ್ಟ್ ಫಾರ್ಚೂನ್ ಭಾರತಕ್ಕೆ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲಿಯೇ.

ಗಿಡಕ್ಕೆ ಒಗ್ಗಿದ್ದು ಹಲ್ಲಿಯ ಜಾತಿಗೆ ಒಗ್ಗಲಿಲ್ಲ. ಲಂಡನ್ ಮೃಗಾಲಯ 1849ರಲ್ಲಿ ಸರೀಸೃಪಗಳಿಗೆಂದೇ ಒಂದು ಮನೆ ತೆರೆಯಿತು. ಲೋಕದಲ್ಲಿ ಅಂಥದ್ದು ಅದೇ ಮೊದಲು. ಬೆಚ್ಚಗಿಡುವುದು ಆಗಿನವರಿಗೆ ಗೊತ್ತಿತ್ತು, ಬೆಳಕು ಒಂದು ಆಹಾರ ಎಂಬುದು ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ಮನುಷ್ಯರ ಮಕ್ಕಳು. ಯುರೋಪಿನ ಕೈಗಾರಿಕಾ ನಗರಗಳ ಇಕ್ಕಟ್ಟಾದ ಗಲ್ಲಿಗಳಲ್ಲಿ ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತಿದ್ದವು. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ರಿಕೆಟ್ಸ್ ಆದ ನಾಲ್ಕು ಮಕ್ಕಳನ್ನು ಪಾದರಸದ ದೀಪದ ಅತಿನೇರಳೆ ಬೆಳಕಿಗೆ ಒಡ್ಡಿದ. ಎಲುಬುಗಳಲ್ಲಿ ಸುಣ್ಣ ಮತ್ತೆ ಕೂಡಿತು. ಬೆಳಕಿನಲ್ಲಿ ಕಣ್ಣಿಗೆ ಕಾಣದ ಒಂದು ಪಟ್ಟಿ ಇದೆ, ಸುಮಾರು 280ರಿಂದ 315 ನ್ಯಾನೋಮೀಟರ್. ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುವುದು ಅದರಿಂದ. ಆ ಜೀವಸತ್ವ ಇಲ್ಲದಿದ್ದರೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ದೇಹ ತನ್ನ ಎಲುಬಿನಿಂದಲೇ ಅದನ್ನು ತೆಗೆದುಕೊಳ್ಳುತ್ತದೆ. ಕಿಟಕಿಯ ಮಾಮೂಲಿ ಗಾಜು ಈ ಪಟ್ಟಿಯನ್ನು ಬಹುಪಾಲು ಪೂರ್ತಿ ತಡೆದುಬಿಡುತ್ತದೆ. ನಮ್ಮ ಮೂಡಲಗಿಯ ಕಪಾಟಿನಲ್ಲಿ ಎರಡು ಪದರ ಗಾಜಿತ್ತು.

ಈ ಹೊಸ ತಿಳಿವಳಿಕೆಯನ್ನು ಪ್ರಾಣಿಗಳ ಕಡೆ ತಿರುಗಿಸಿದವರಲ್ಲಿ ಜೋನ್ ಪ್ರಾಕ್ಟರ್ ಹೆಸರು ದೊಡ್ಡದು. ಹುಟ್ಟಿದ್ದು 1897ರಲ್ಲಿ. ಶಾಲೆಗೆ ಮರಿ ಮೊಸಳೆಯನ್ನು ಒಯ್ದ ಹುಡುಗಿ. ಕಾಯಿಲೆ ಬಿಡದೆ ಕಾಡಿದ್ದರಿಂದ ವಿಶ್ವವಿದ್ಯಾಲಯಕ್ಕೆ ಹೋಗಲಾಗಲಿಲ್ಲ. 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪಗಳ ಉಸ್ತುವಾರಿ ಆಕೆಗೆ ಬಂತು. 1927ರಲ್ಲಿ ತೆರೆದ ಹೊಸ ಸರೀಸೃಪ ಮನೆಯ ವಿನ್ಯಾಸ ಆಕೆಯದು. ಒಂದೇ ಗೂಡಿನೊಳಗೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇರುವಂತೆ ವಿದ್ಯುತ್ ಶಾಖ, ಅತಿನೇರಳೆ ಕಿರಣವನ್ನು ಒಳಬಿಡುವ ವಿಶೇಷ ಗಾಜು ಅದರಲ್ಲಿದ್ದವು. ಅದೇ ವರ್ಷ ಬಂದ ಕೊಮೊಡೊ ಡ್ರ್ಯಾಗನ್‌ಗಳಲ್ಲಿ ಸುಂಬಾವಾ ಎಂಬುದು ಆಕೆಯ ಜೊತೆ ಮೃಗಾಲಯದಲ್ಲಿ ತಿರುಗಾಡುತ್ತಿತ್ತು. 1931ರಲ್ಲಿ, 34ನೆಯ ವಯಸ್ಸಿಗೆ, ಪ್ರಾಕ್ಟರ್ ತೀರಿಕೊಂಡರು. ಇಂದು ಮನೆಯಲ್ಲಿ ಹಲ್ಲಿಗೆ ಗೂಡು ಕಟ್ಟುವವರೆಲ್ಲ ಮಾಡುವುದು ಆಕೆಯ ಆ ಮನೆಯ ಪುಟ್ಟ ನಕಲನ್ನೇ.

ಇನ್ನು ನಮ್ಮ ಸೀಮೆಯ ಬೆಳಕಿನ ಮಾತು. ಗೋಕಾಕ ಫಾಲ್ಸ್‌ಗೆ ಹೋದವರು ಒಂದು ಮಾತು ಕೇಳಿಯೇ ಬರುತ್ತಾರೆ: 1887ರಲ್ಲಿ ಏಷ್ಯಾದಲ್ಲೇ ಮೊದಲು ಕರೆಂಟು ತಯಾರಾದದ್ದು ಇಲ್ಲಿ. 52 ಮೀಟರ್ ಎತ್ತರದಿಂದ ಬೀಳುವ ಘಟಪ್ರಭೆ, ಪಕ್ಕದಲ್ಲಿ ಹತ್ತಿ ಗಿರಣಿ, ಮೇಲೆ ತೂಗುಸೇತುವೆ. ನಂಬಿಬಿಡಬೇಕು ಅನ್ನಿಸುವ ಜಾಗವೇ. ನಾನು ಗೋಕಾಕದ ಕರದಂಟಿನಷ್ಟೇ ಅಭಿಮಾನದಿಂದ ಈ ಮಾತನ್ನೂ ಬಾಯಲ್ಲಿಟ್ಟುಕೊಂಡು ಬೆಳೆದವಳು. ಆದರೆ ಆ ಕಾಲದ ಜಲಶಕ್ತಿಯ ಗಿರಣಿಗಳಲ್ಲಿ ನೀರು ಚಕ್ರ ತಿರುಗಿಸುವುದು, ಹಗ್ಗ ಮತ್ತು ಪಟ್ಟಿಗಳು ಆ ಬಲವನ್ನು ನೇರ ಯಂತ್ರಗಳಿಗೆ ಮುಟ್ಟಿಸುವುದು ವಾಡಿಕೆ. ನಡುವೆ ವಿದ್ಯುತ್ತು ಬೇಕಿರಲಿಲ್ಲ. ಊರಿಗೆ ಬೆಳಕು ಕೊಡಲು ಕಟ್ಟಿದ ಜಲವಿದ್ಯುತ್ ಕೇಂದ್ರ ಎಂದರೆ ಡಾರ್ಜಿಲಿಂಗಿನ ಸಿದ್ರಾಪೊಂಗ್, 1897. ಶಿವನಸಮುದ್ರ 1902, ಅದೂ ಮೊದಲು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗೋಕಾಕದಲ್ಲಿ ನೀರಿನ ಬಲ 1887ರಷ್ಟು ಹಿಂದೆಯೇ ಗಿರಣಿ ಓಡಿಸಿತು ಎಂಬಷ್ಟೇ ಸಾಕಷ್ಟು ದೊಡ್ಡ ಮಾತು. ಅದಕ್ಕೆ ಏಷ್ಯಾದ ಕಿರೀಟ ತೊಡಿಸುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ. ಇದನ್ನು ಗೋಕಾಕದಲ್ಲಿ ನಿಂತು ಹೇಳಿದರೆ ಮಂದಿ ಸಿಟ್ಟಾಗುತ್ತಾರೆ, ಆಗಿದ್ದಾರೆ ಕೂಡ.

ಗಿರಣಿಯ ಗೋಡೆಯಾಚೆ ಕತ್ತಲೆ ಬಹಳ ಕಾಲ ಇತ್ತು. ಪಾರಿಜಾತದ ಕುಲಗೋಡ ತಮ್ಮಣ್ಣನ ಊರು ಈಗಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಆ ಆಟವನ್ನು ಜನ ರಾತ್ರಿಯಿಡೀ ನೋಡಿದ್ದು ದೀವಟಿಗೆಯಲ್ಲಿ, ಆಮೇಲೆ ಗ್ಯಾಸಬತ್ತಿಯಲ್ಲಿ. ಹಳ್ಳಿಗೆ ತಂತಿ ಬಂದ ಕಥೆಯಲ್ಲಿ ನನಗೆ ಹೆಚ್ಚು ಪ್ರೀತಿ ಇರುವುದು ಹುಕ್ಕೇರಿಯ ಮೇಲೆ. ಅಮೆರಿಕದಲ್ಲಿ 1930ರ ದಶಕದಲ್ಲಿ ರೈತರೇ ಸಹಕಾರ ಸಂಘ ಕಟ್ಟಿಕೊಂಡು ಊರಿಗೆ ವಿದ್ಯುತ್ತು ತಂದ ಮಾದರಿಯನ್ನು ಭಾರತದಲ್ಲಿ ಐದು ಕಡೆ ಪ್ರಯೋಗಿಸಿದರು: ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸಗಟಿನಲ್ಲಿ ವಿದ್ಯುತ್ತು ಕೊಂಡು ತಾಲ್ಲೂಕಿಗೆ ತಾನೇ ಹಂಚುತ್ತದೆ. ಬಲ್ಬು ಹಚ್ಚುವವನೇ ಕಂಪನಿಯ ಪಾಲುದಾರ ಎಂಬ ಕಲ್ಪನೆ ಕಬ್ಬು, ಹಾಲು ಬಿಟ್ಟು ಬೇರೆ ವಿಷಯದಲ್ಲಿ ನಮ್ಮ ಕಡೆ ನಿಂತದ್ದು ಅಪರೂಪ.

ಈ ಎಲ್ಲ ಕಾಗದಗಳನ್ನು ಮೂರು ವರ್ಷ ಓದಿದ್ದೇನೆ. ಅವುಗಳಲ್ಲಿ ಬೆಳಕು ಎಂದರೆ ಯೂನಿಟ್ಟು, ಅಶ್ವಶಕ್ತಿ, ಕಂಬ, ಪಂಪ್‌ಸೆಟ್ಟು. ಬೆಳಕಿನಲ್ಲಿ ಎಲುಬನ್ನು ಗಟ್ಟಿ ಮಾಡುವ ಒಂದು ಪಾಲಿದೆ ಎಂದು ತಿಳಿಯಲು ನನಗೆ ಒಂದು ಮರಿ ಸಾಯಬೇಕಾಯಿತು.

ನಮ್ಮವರಿಗೆ ಹಲ್ಲಿಯ ಜಾತಿ ಹೊಸದಲ್ಲ, ಸಾಕುವುದು ಹೊಸದು. ಪಂಚಾಂಗದಲ್ಲಿ ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂದು ಅಂಗಾಂಗಕ್ಕೂ ಬರೆದಿರುತ್ತದೆ. ಓತಿಕೇತಕ್ಕೆ ಕಲ್ಲು ಹೊಡೆಯದ ಹುಡುಗ ನಮ್ಮ ಓಣಿಯಲ್ಲಿ ಇರಲಿಲ್ಲ. ಗೋಕಾಕದ ಕೆಳಗೆ ಘಟಪ್ರಭೆ ಹರಿದುಹೋಗುವ ದಾರಿಯಲ್ಲೇ ಮುಧೋಳವಿದೆ. ಅಲ್ಲಿಯ ಘೋರ್ಪಡೆ ಅರಸರ ಹೆಸರೇ ಉಡದ್ದು, ಮರಾಠಿಯಲ್ಲಿ ಘೋರಪಡ. 1470ರ ಆಸುಪಾಸು, ಮಹಮೂದ್ ಗವಾನನ ದಂಡಯಾತ್ರೆಯಲ್ಲಿ, ಉಡಕ್ಕೆ ಹಗ್ಗ ಕಟ್ಟಿ ಖೇಳಣಾ ಕೋಟೆ ಹತ್ತಿದ್ದಕ್ಕೆ ಬಹಮನಿ ಸುಲ್ತಾನ ಆ ಬಿರುದು ಕೊಟ್ಟ ಎಂದು ಮನೆತನದ ಐತಿಹ್ಯ. ಎರಡು ಶತಮಾನದ ಆಚೆ ಸಿಂಹಗಡದ ತಾನಾಜಿಗೂ ಜನ ಇದೇ ಕಥೆ ಹೇಳುತ್ತಾರೆ. ಒಂದು ಉಡ ಆಳಿನ ಭಾರ ತಾಳುತ್ತದೆಯೇ ಎಂದು ಕೇಳುವುದು ಸುಲಭ. ಬಂಡೆಗೆ ಅಂಟಿದರೆ ಬಿಡದ ಪ್ರಾಣಿಯನ್ನು ನೋಡಿದವರೇ ಆ ಕಥೆ ಕಟ್ಟಿರಬೇಕು ಎಂಬುದು ನನಗೆ ಮುಖ್ಯ. ಅದೇ ಉಡದ ಚರ್ಮ ಖಂಜಿರಕ್ಕೂ ಹೋಯಿತು, ಮಾಂಸ ಮದ್ದೆಂಬ ನಂಬಿಕೆಗೂ ಹೋಯಿತು. ಈಗ ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹಿಡಿದರೆ 3ರಿಂದ 7 ವರ್ಷ ಜೈಲು.

ಹೊರದೇಶದ ಇಗ್ವಾನಾಕ್ಕೂ ಕಾಯ್ದೆ ಬಂದಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಯಿತು, 2024ರ ಫೆಬ್ರುವರಿ 28ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಸಾಕಿದವರು ಆರು ತಿಂಗಳೊಳಗೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕಿತ್ತು. ತಮ್ಮನ ಬಳಿ ಅಂಗಡಿಯವನು ಕೊಟ್ಟ ಚೀಟಿ ಬಿಟ್ಟರೆ ಏನೂ ಇರಲಿಲ್ಲ. ಉಳಿದ ಒಂದು ಮರಿಯ ಅರ್ಜಿ ತುಂಬಿದವಳು ನಾನೇ. ಆ ಬೇಸಿಗೆಯಲ್ಲಿ ತೇಜಸ್ವಿಯವರ 'ಕರ್ವಾಲೊ' ಮತ್ತೆ ಓದಿದೆ. ಹಾರುವ ಓತಿ ಕೊನೆಗೆ ಕೈಗೆ ಸಿಗದೆ ತೇಲಿಹೋಗುವ ಪುಟಗಳಲ್ಲಿ ಮೊದಲು ಎಂದೂ ಆಗದ ನೆಮ್ಮದಿ ಆಯಿತು. ಇಗ್ವಾನಾವನ್ನು ಹಾಗೆ ಬಿಟ್ಟುಬಿಡುವಂತಿಲ್ಲ. ಅದು ಈ ಮಣ್ಣಿನದಲ್ಲ. ತಂದ ಮೇಲೆ ಇಡಬೇಕು, ಇಡುವುದಾದರೆ ಸರಿಯಾಗಿ ಇಡಬೇಕು.

ಕಪಾಟನ್ನು ಮತ್ತೆ ಕಟ್ಟಿದೆವು. ಬಡಿಗೇರ ಕಾಕಾ ಗಾಜು ತೆಗೆದು ಬಾಗಿಲಿಗೆ ಜಾಳಿಗೆ ಹಾಕಿಕೊಟ್ಟರು; "ಇಷ್ಟ ಚಲೋ ಗಾಜ ಯಾಕ ತಗೀತೀರಿ" ಎಂದು ಮೂರು ಸಲ ಕೇಳಿದರು. ಮೇಲ್ಭಾಗದ ಒಂದು ಮೂಲೆಗೆ ಬಿಸಿ ಬಲ್ಬು. ಪ್ಲಾಸ್ಟಿಕ್ ಹೋಲ್ಡರು ಕರಗುತ್ತದೆಂದು ಪಿಂಗಾಣಿಯದು, ಸುತ್ತ ತಂತಿಯ ಪಂಜರ, ಇಲ್ಲದಿದ್ದರೆ ಮರಿ ಅದಕ್ಕೇ ಮೈ ಒತ್ತಿ ಸುಟ್ಟುಕೊಳ್ಳುತ್ತದೆ. ಅದರ ಕೆಳಗೆ ಬೇವಿನ ಕೊಂಬೆ, ಅಲ್ಲಿ 35 ಡಿಗ್ರಿ. ಕಪಾಟಿನ ಇನ್ನೊಂದು ತುದಿಯಲ್ಲಿ 26. ಎರಡಕ್ಕೂ ಒಂದೊಂದು ಥರ್ಮಾಮೀಟರು. ಯುವಿಬಿ ಟ್ಯೂಬು ಜಾಳಿಗೆಯ ಒಳಗೇ, ಕೊಂಬೆಯಿಂದ ಸುಮಾರು ಒಂದು ಅಡಿ ಮೇಲೆ. ಜಾಳಿಗೆಯ ಹೊರಗಿಟ್ಟರೆ ಕಿರಣದ ಒಂದು ಪಾಲು ಅಲ್ಲೇ ಹೋಗುತ್ತದೆ. ಬೆಳಿಗ್ಗೆ ಹಚ್ಚಿ ಸಂಜೆ ಆರಿಸುವ ಟೈಮರನ್ನು ತಮ್ಮನೇ ಕೂಡಿಸಿದ. ಕರೆಂಟು ಹೋದರೆ? ಚಳಿಗಾಲದ ರಾತ್ರಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಳಗಿಡುತ್ತಾನೆ. ಆಯಿ ಮಾತ್ರ ಟ್ಯೂಬನ್ನು ನಂಬುವುದಿಲ್ಲ. ವಾರಕ್ಕೆ ಎರಡು ಸಲ ತಂತಿಯ ಬುಟ್ಟಿಯಲ್ಲಿ ಅಂಗಳಕ್ಕೆ ಒಯ್ಯಿಸಿ, ಅರ್ಧ ನೆರಳು ಅರ್ಧ ಬಿಸಿಲಿನಲ್ಲಿ ಕೂಡಿಸಿ, ಪಕ್ಕದಲ್ಲಿ ಕುಳಿತು ನುಗ್ಗೆಸೊಪ್ಪು ಬಿಡಿಸುತ್ತಾಳೆ. ಸೊಪ್ಪು ಅರ್ಧ ನಮಗೆ, ಅರ್ಧ ಅದಕ್ಕೆ.

ಉಳಿದ ಮರಿಯ ಬಾಲ ಬುಡದಲ್ಲಿ ಸೊಟ್ಟಗಿದೆ, ನೆಟ್ಟಗಾಗುವುದಿಲ್ಲವಂತೆ. ದವಡೆ ಗಟ್ಟಿಯಾಗಿದೆ. ಈಗ ಮೂರು ಅಡಿ ದಾಟಿದೆ. ಇನ್ನೂ ಬೆಳೆಯುತ್ತದೆ, ಕಪಾಟು ಸಾಲುವುದಿಲ್ಲ, ಹಿತ್ತಿಲಿನ ಹಳೆ ಕೊಟ್ಟಿಗೆಯ ಅರ್ಧವನ್ನು ಕಾಕಾ ಬಿಟ್ಟುಕೊಡಬೇಕಾಗುತ್ತದೆ. ಆ ಚರ್ಚೆ ಊಟದ ಹೊತ್ತಿಗೆ ನಡೆಯುತ್ತಿರುತ್ತದೆ.

ಯುವಿಬಿ ಟ್ಯೂಬಿನದು ಒಂದು ಮೋಸವಿದೆ. ಆರು ತಿಂಗಳು, ವರ್ಷ ಕಳೆಯುವಷ್ಟರಲ್ಲಿ ಕಾಣದ ಕಿರಣ ಕುಂದುತ್ತ ಬರುತ್ತದೆ, ಕಾಣುವ ಬೆಳಕು ಮಾತ್ರ ಮೊದಲಿನ ಹಾಗೇ ಇರುತ್ತದೆ. ಕಣ್ಣಿನಿಂದ ತಿಳಿಯುವುದಿಲ್ಲ. ಅದಕ್ಕೆ ತಮ್ಮ ಕಪಾಟಿನ ಒಳಬಾಗಿಲಿಗೆ ಟ್ಯೂಬು ಹಾಕಿದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯುತ್ತಾನೆ, ಹಳೆಯದನ್ನು ಅಳಿಸದೆ ಅದರ ಕೆಳಗೆ ಹೊಸದು. ನಾಲ್ಕು ಸಾಲಾಗಿವೆ. ಮುಂದಿನ ತಿಂಗಳು ಐದನೆಯದು, ಬೆಂಗಳೂರಿನಿಂದ ಬರುವಾಗ ತಾ ಎಂದು ಮೊನ್ನೆಯೇ ಹೇಳಿದ್ದಾನೆ.