ಶೃಂಗಾಭಿಮುಖ ಕೋನಗಳು ಮತ್ತು ಥೇಲ್ಸ್: ಪ್ರೋಕ್ಲಸ್‌ನ ಒಂದು ವಾಕ್ಯದ ಮರುಪರಿಶೀಲನೆ

ಶೃಂಗಾಭಿಮುಖ ಕೋನಗಳು ಸಮವೆಂದು ಮೊದಲು ಸಾಧಿಸಿ ತೋರಿಸಿದವನು ಮಿಲೆಟಸ್ಸಿನ ಥೇಲ್ಸ್ ಎಂಬ ಮಾತು ಕೈಪಿಡಿಯಿಂದ ಕೈಪಿಡಿಗೆ ನಕಲಾಗುತ್ತ ಬಂದಿದೆ. ಇದಕ್ಕಿರುವ ಆಧಾರ ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಮೊದಲ ಸಂಪುಟಕ್ಕೆ ಕ್ರಿ.ಶ. 5ನೇ ಶತಮಾನದಲ್ಲಿ ಪ್ರೋಕ್ಲಸ್ ಬರೆದ ಭಾಷ್ಯ. ಅಲ್ಲಿ 15ನೇ ಪ್ರಮೇಯದ ಕೆಳಗಿರುವುದು ಬೇರೆಯೇ ಮಾತು: ರೇಖಾಗಣಿತದ ಚರಿತ್ರೆ ಬರೆದ ಯೂಡೆಮಸ್ ಹೇಳುವಂತೆ ಇದನ್ನು ಮೊದಲು ಕಂಡುಕೊಂಡವನು ಥೇಲ್ಸ್, ಇದಕ್ಕೆ ಶಾಸ್ತ್ರೀಯ ಸಾಧನೆ ಬೇಕೆಂದು ಬಗೆದವನು ‘ಎಲಿಮೆಂಟ್ಸ್’ ಕರ್ತೃ.

ಕಂಡುಕೊಂಡದ್ದು ಒಬ್ಬ, ಸಾಧಿಸಿದ್ದು ಮತ್ತೊಬ್ಬ. ಆ ಸಾಧನೆ ಚಿಕ್ಕದು. ಎಬಿ, ಸಿಡಿ ರೇಖೆಗಳು ಇ ಬಿಂದುವಿನಲ್ಲಿ ಛೇದಿಸಲಿ. ಸಿಇಎ, ಎಇಡಿ ಕೂಡಿದರೆ ಎರಡು ಲಂಬಕೋನ. ಎಇಡಿ, ಡಿಇಬಿ ಕೂಡಿದರೂ ಎರಡು ಲಂಬಕೋನ. ಎರಡರಲ್ಲೂ ಇರುವ ಎಇಡಿಯನ್ನು ಕಳೆದರೆ ಸಿಇಎ, ಡಿಇಬಿ ಸಮ. ಚಿಕ್ಕದಾದರೂ ಇದು ನಿಂತಿರುವುದು ಸರಳಯುಗ್ಮವನ್ನು ಕುರಿತ 13ನೇ ಪ್ರಮೇಯದ ಮೇಲೆ, ಸಮಗಳಿಂದ ಸಮಗಳನ್ನು ಕಳೆಯುವ ಸ್ವಯಂಸಿದ್ಧದ ಮೇಲೆ. ಇಂಥ ಸರಪಳಿ ಕ್ರಿ.ಪೂ. 6ನೇ ಶತಮಾನದಲ್ಲಿತ್ತು ಎನ್ನಲು ಈ ವಾಕ್ಯ ಆಧಾರವಾಗದು. ಥೇಲ್ಸ್‌ನಲ್ಲೇ ರೇಖಾಗಣಿತದ ತಾರ್ಕಿಕ ಕಟ್ಟಡದ ಆರಂಭವನ್ನು ಕಂಡ ಗಣಿತ ಇತಿಹಾಸಕಾರ ವ್ಯಾನ್ ಡರ್ ವಾರ್ಡನ್ (ಅವರ ವಿದ್ವತ್ತಿನ ಬಗ್ಗೆ ನನಗೆ ಆಳವಾದ ಗೌರವವಿದೆ) ಇಲ್ಲಿ ಪುರಾವೆಯನ್ನು ಮೀರಿ ಹೋದರು.

ಆದರೆ ಎದುರು ಪಕ್ಷದ ಆತುರವನ್ನೂ ಒಪ್ಪಲಾರೆ. ಥೇಲ್ಸ್‌ನ ಹೆಸರಿಗೆ ಅಂಟಿದ ಗಣಿತದ ಕಥೆಗಳೆಲ್ಲ ಅನೈತಿಹಾಸಿಕವೆಂದು ಇನ್ನೊಬ್ಬ ಇತಿಹಾಸಕಾರ ನೊಯ್ಗೆಬೌವರ್ ತಳ್ಳಿಹಾಕಿದರು. 1959ರಲ್ಲಿ ಡಿಕ್ಸ್ ಅದೇ ಜಾಡಿನಲ್ಲಿ ನಡೆದರು. ಯೂಡೆಮಸ್‌ನ ರೇಖಾಗಣಿತ ಚರಿತ್ರೆ ಕಳೆದುಹೋಗಿದೆ, ಅವನಿಗೂ ಪ್ರೋಕ್ಲಸ್‌ಗೂ ನಡುವೆ ಏಳು ಶತಮಾನಕ್ಕೂ ಹೆಚ್ಚಿನ ಅಂತರವಿದೆ, ನಿಜ. ಆದರೂ ಯೂಡೆಮಸ್‌ನ ಮಾತುಗಳೆಲ್ಲ ಒಂದೇ ತೂಕದವಲ್ಲ. 26ನೇ ಪ್ರಮೇಯವನ್ನು ಅವನು ಥೇಲ್ಸ್‌ಗೆ ಸಲ್ಲಿಸುವುದು ಊಹೆಯ ಬಲದಿಂದ: ಕಡಲಲ್ಲಿರುವ ಹಡಗುಗಳ ದೂರವನ್ನು ಥೇಲ್ಸ್ ಅಳೆದ ವಿಧಾನಕ್ಕೆ ಈ ಪ್ರಮೇಯ ಬೇಕೇ ಬೇಕಿತ್ತು ಎಂಬುದು ಅವನ ವಾದ. 15ನೆಯದಕ್ಕೆ ಅಂಥ ಊಹೆಯ ಸುಳಿವಿಲ್ಲ. ಎರಡನ್ನೂ ಒಂದೇ ಗಂಟು ಕಟ್ಟಿ ಎಸೆಯುವುದು ವಿಮರ್ಶೆಯಲ್ಲ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಅರಿಸ್ಟಾಟಲ್‌ನ ಶಿಷ್ಯನಾದ ಯೂಡೆಮಸ್ ಯೂಕ್ಲಿಡ್‌ಗಿಂತ ಹಿಂದಿನವನು. ಆದ್ದರಿಂದ ‘ಎಲಿಮೆಂಟ್ಸ್’ ಕರ್ತೃವಿನ ಪ್ರಸ್ತಾಪ ಅವನದಾಗಿರಲಾರದು. ವಾಕ್ಯದ ಉತ್ತರಾರ್ಧ ಪ್ರೋಕ್ಲಸ್‌ನ ಸೇರ್ಪಡೆ. ಹಾಗಿದ್ದರೆ ಥೇಲ್ಸ್ ಸಾಧಿಸಲಿಲ್ಲ ಎಂಬುದು ಪ್ರೋಕ್ಲಸ್‌ನ ಅನಿಸಿಕೆ ಮಾತ್ರವೇ?

ಹಾಗೆನ್ನುವ ಮುನ್ನ 32ನೇ ಪ್ರಮೇಯದ ಭಾಷ್ಯವನ್ನು ಓದಬೇಕು. ಈ ಚರ್ಚೆಯಲ್ಲಿ ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ತ್ರಿಭುಜದ ಒಳಕೋನಗಳ ಮೊತ್ತ ಎರಡು ಲಂಬಕೋನವೆಂಬುದನ್ನು ಯೂಡೆಮಸ್ ಪೈಥಾಗೊರಿಯನ್ನರಿಗೆ ಸಲ್ಲಿಸುತ್ತಾನೆ, ಮತ್ತು ಪ್ರೋಕ್ಲಸ್ ಅಲ್ಲಿ ಅವರ ಸಾಧನೆಯನ್ನೇ ಬಿಡಿಸಿ ಕೊಡುತ್ತಾನೆ: ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆಯುವುದು, ಪರ್ಯಾಯ ಕೋನಗಳನ್ನು ಸಮೀಕರಿಸುವುದು. ನಮ್ಮ ಮಕ್ಕಳು ಇಂದು ಶಾಲೆಯಲ್ಲಿ ಬರೆಯುವುದು ಈ ಚಿತ್ರವನ್ನೇ. ಯೂಕ್ಲಿಡ್ ಮಾತ್ರ ಪಾದವನ್ನು ಮುಂದಕ್ಕೆಳೆದು ಬೇರೆ ದಾರಿ ಹಿಡಿದ. ಯೂಡೆಮಸ್‌ನಲ್ಲಿ ಸಾಧನೆ ದೊರೆತಾಗ, ಅದು ಯೂಕ್ಲಿಡ್‌ನದಕ್ಕಿಂತ ಭಿನ್ನವಾಗಿದ್ದರೂ ಪ್ರೋಕ್ಲಸ್ ಅದನ್ನು ದಾಖಲಿಸಿದ. 15ನೇ ಪ್ರಮೇಯದಲ್ಲಿ ಅವನು ಥೇಲ್ಸ್‌ನ ಹೆಸರಿನಲ್ಲಿ ಯಾವ ಸಾಧನೆಯನ್ನೂ ಕೊಡದಿರುವುದಕ್ಕೆ, ಕೊಡಲು ಅವನ ಆಕರದಲ್ಲಿ ಏನೂ ಇರಲಿಲ್ಲ ಎಂಬುದೇ ಅತ್ಯಂತ ಸರಳವಾದ ವಿವರಣೆ.