ಗೆಲಾಕ್ಸಿ ಕೇಂದ್ರಗಳ ಏರಿಳಿತ: ಒಂದು ದೀರ್ಘ ಲೆಕ್ಕದ ಚರಿತ್ರೆ

ಕುರ್ಲಾದಂತಹ ಉಪನಗರದಲ್ಲಿ ಬೀದಿದೀಪಗಳ ಬೆಳಕೂ ಧೂಳೂ ಸೇರಿ ರಾತ್ರಿಯಾಕಾಶವನ್ನು ಮಸುಕುಗೊಳಿಸುವುದರಿಂದ ಕೆಲವೇ ನಕ್ಷತ್ರಗಳು ಗೋಚರಿಸುತ್ತವೆ. ಆದರೆ ಕ್ಷ-ಕಿರಣಗಳ ಮಟ್ಟಿಗೆ ಕುರ್ಲಾಕ್ಕೂ ಹಿಮಾಲಯದ ಶಿಖರಕ್ಕೂ ಭೇದವಿಲ್ಲ. ಭೂಮಿಯ ವಾಯುಮಂಡಲವು ಅವನ್ನು ನೆಲ ಮುಟ್ಟಗೊಡುವುದಿಲ್ಲ. ಆದುದರಿಂದ ಕ್ಷ-ಕಿರಣ ಖಗೋಲವಿಜ್ಞಾನದ ಚರಿತ್ರೆಯೆಂದರೆ ಬಲೂನು, ರಾಕೆಟ್ಟು, ಉಪಗ್ರಹಗಳ ಚರಿತ್ರೆಯೇ. ಅದರ ಭಾರತೀಯ ಅಧ್ಯಾಯದ ಬಹುಭಾಗ ಇದೇ ನಗರದ ಕೊಲಾಬಾದಲ್ಲಿಯೂ ಬೆಂಗಳೂರಿನಲ್ಲಿಯೂ ನಡೆದಿದೆ.

ಕೆಲವು ಗೆಲಾಕ್ಸಿಗಳ ಕೇಂದ್ರವು ಅಸಾಧಾರಣವಾಗಿ ಪ್ರಜ್ವಲಿಸುವುದನ್ನು 1943ರಲ್ಲಿ ಕಾರ್ಲ್ ಸೇಫರ್ಟ್ ವಿವರಿಸಿದನು. 1963ರಲ್ಲಿ ಮಾರ್ಟನ್ ಶ್ಮಿಟ್ 3ಸಿ 273 ಎಂಬ ಕ್ವೇಸಾರಿನ ಅಪಾರ ದೂರವನ್ನು ಗುರುತಿಸಿದನು. ಇಂತಹ ಕೇಂದ್ರಗಳಲ್ಲಿ ಲಕ್ಷಾಂತರದಿಂದ ಶತಕೋಟಿಗಳವರೆಗೆ ಸೂರ್ಯರ ತೂಕವುಳ್ಳ ಕಪ್ಪುಕುಳಿಯಿದ್ದು, ಅದರೊಳಕ್ಕೆ ಸುತ್ತಿ ಬೀಳುವ ಅನಿಲವೇ ಪ್ರಭೆಯ ಮೂಲವೆಂದು ಈಗ ಸಿದ್ಧವಾಗಿದೆ. ಕ್ಷ-ಕಿರಣಗಳ ಬಹುಭಾಗ ಹುಟ್ಟುವುದು ಕುಳಿಯ ಅತಿ ಸಮೀಪದಲ್ಲಿ. ಅಷ್ಟು ಸಣ್ಣ ಪ್ರದೇಶವನ್ನು ಸಾಮಾನ್ಯ ದೂರದರ್ಶಕ ಬಿಡಿಸಿ ತೋರಿಸಲಾರದು. ಪ್ರಭೆಯ ಏರಿಳಿತವೇ ಅದರ ಅಳತೆಯನ್ನು ಹೇಳಬೇಕು. ಒಂದು ದಿನದೊಳಗೆ ಪ್ರಭೆ ಇಮ್ಮಡಿಯಾದರೆ, ಆ ಪ್ರದೇಶವು ಬೆಳಕು ಒಂದು ದಿನದಲ್ಲಿ ಕ್ರಮಿಸುವ ದೂರಕ್ಕಿಂತ ಬಹಳ ದೊಡ್ಡದಾಗಿರಲಾರದಷ್ಟೆ.

1962ರಲ್ಲಿ ಜಿಯಕೋನಿ ಮತ್ತು ಸಂಗಡಿಗರ ರಾಕೆಟ್ಟು ಸೌರವ್ಯೂಹದಾಚೆಯ ಮೊದಲ ಕ್ಷ-ಕಿರಣ ಮೂಲವನ್ನು ಕಂಡಿತು. ರಾಕೆಟ್ಟಿಗೆ ದೊರೆತ ಅವಕಾಶ ಕೆಲವೇ ನಿಮಿಷಗಳದು. 1970ರ ಉಹುರು, 1974ರ ಏರಿಯಲ್-5 ಉಪಗ್ರಹಗಳಿಂದ ವೀಕ್ಷಣೆ ವರ್ಷಗಳಿಗೆ ವಿಸ್ತರಿಸಿತು. 1983ರಿಂದ 1986ರವರೆಗೆ ಕೆಲಸಮಾಡಿದ ಯೂರೋಪಿನ ಎಕ್ಸೋಸಾಟ್, ಒಂದೇ ಮೂಲವನ್ನು ಸುಮಾರು ಮೂರು ದಿನ ಎಡೆಬಿಡದೆ ನೋಡಬಲ್ಲುದಾಗಿತ್ತು. ಏರಿಳಿತಕ್ಕೆ ಗಡಿಯಾರದ ನಿಯಮವಿಲ್ಲ, ಕಾಲಾವಧಿ ದೀರ್ಘವಾದಂತೆ ಅದರ ಪ್ರಮಾಣ ಹೆಚ್ಚುತ್ತದೆ ಎಂಬುದು ಇದರಿಂದ ವಿದಿತವಾಯಿತು. ಅನಂತರ ಅಮೆರಿಕದ ಆರ್‌ಎಕ್ಸ್‌ಟಿಇ ಉಪಗ್ರಹವು 1995ರ ಡಿಸೆಂಬರಿನಿಂದ 2012ರ ಜನವರಿಯವರೆಗೆ ಬಾಳಿ, ಹಲವು ಕೇಂದ್ರಗಳನ್ನು ಮತ್ತೆ ಮತ್ತೆ ಅಳೆಯಿತು. ಅಂತಹ ದಾಖಲೆಗಳ ಆಧಾರದ ಮೇಲೆ ಮೆಕ್‌ಹಾರ್ಡಿ ಮೊದಲಾದವರು 2006ರಲ್ಲಿ, ನಮ್ಮ ಗೆಲಾಕ್ಸಿಯ ಸಣ್ಣ ಕಪ್ಪುಕುಳಿಗಳೂ ಈ ಮಹಾಕುಳಿಗಳೂ ಒಂದೇ ರೀತಿಯಲ್ಲಿ ವರ್ತಿಸುತ್ತವೆಂದು ತೋರಿಸಿದರು. ತೂಕ ಹೆಚ್ಚಿದಂತೆ ಏರಿಳಿತ ನಿಧಾನವಾಗುತ್ತದೆ. ಒಂದರಲ್ಲಿ ಕ್ಷಣಗಳಲ್ಲಿ ಮುಗಿಯುವುದಕ್ಕೆ ಇನ್ನೊಂದರಲ್ಲಿ ತಿಂಗಳು, ವರ್ಷಗಳೇ ಬೇಕು.

ಭಾರತದ ಪಾಲಿಗೆ ಕಷ್ಟವಾದುದು ಈ ದೀರ್ಘತೆಯೇ. 1945ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಬಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1960ರ ದಶಕದ ಕೊನೆಯಲ್ಲಿ ಹೈದರಾಬಾದಿನಿಂದ ಬಲೂನುಗಳಲ್ಲಿ ಕ್ಷ-ಕಿರಣ ಉಪಕರಣಗಳನ್ನು ಹಾರಿಸಿದರು. ಬಲೂನಿನ ಆಯುಸ್ಸು ಕೆಲವು ಗಂಟೆಗಳದು. ಉಡುಪಿಯ ಅದಮಾರಿನಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಕ್ಷ-ಕಿರಣ ಪ್ರಯೋಗವನ್ನು ಹೊತ್ತು ಏರಿತು. ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. 1996ರ ಐಆರ್‌ಎಸ್-ಪಿ3 ಉಪಗ್ರಹದ ಉಪಕರಣಗಳು ಆ ಕೊರತೆಯನ್ನು ಭಾಗಶಃ ತುಂಬಿದವು. ಪೂರ್ಣ ಖಗೋಲ ವೀಕ್ಷಣಾಲಯವೆನಿಸಿದುದು 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಏರಿದ ಆಸ್ಟ್ರೋಸಾಟ್. ಅದರ ಲ್ಯಾಕ್ಸ್‌ಪಿಸಿ ಹಾಗೂ ಮೃದು ಕ್ಷ-ಕಿರಣ ದೂರದರ್ಶಕಗಳ ನಿರ್ಮಾಣದ ನೇತೃತ್ವ ಕೊಲಾಬಾದ್ದು. ಉಪಗ್ರಹದ ಜೋಡಣೆ ಬೆಂಗಳೂರಿನದು. ಐದು ವರ್ಷಗಳಿಗೆಂದು ರಚಿತವಾದ ಇದು 2025ರಲ್ಲಿ ಹತ್ತು ವರ್ಷಗಳನ್ನು ಪೂರೈಸಿತು.

ಹೀಗಿದ್ದರೂ ಒಂದು ಉಪಕರಣದ ಆಯುಸ್ಸು ಮಹಾಕುಳಿಯ ಕಾಲಮಾನಕ್ಕೆ ಸಾಲದು. ಹಳೆಯ ಪುಸ್ತಕದ ಬಾಕಿಯನ್ನು ಹೊಸ ಪುಸ್ತಕಕ್ಕೆ ತರುವಂತೆ ಒಂದು ಉಪಗ್ರಹದ ಅಳತೆಯನ್ನು ಇನ್ನೊಂದರ ಅಳತೆಗೆ ತಾಳೆ ಹಾಕಬೇಕು. ಲ್ಯಾಕ್ಸ್‌ಪಿಸಿಯ ಮೂರು ಘಟಕಗಳಲ್ಲಿ ಒಂದು 2018ರಲ್ಲಿ ನಿಂತುಹೋಯಿತು. ತಾಳೆಗೆ ಮಾನದಂಡವಾಗಿದ್ದ ಏಡಿ ನೀಹಾರಿಕೆಯ ಪ್ರಭೆಯೇ ಶೇಕಡಾ ಕೆಲವು ಪಾಲು ಕುಗ್ಗಿದುದು 2011ರಲ್ಲಿ ಪ್ರಕಟವಾಯಿತು. ಮಾನದಂಡವೇ ಅಲುಗುವಾಗ, ಬದಲಾದುದು ಗೆಲಾಕ್ಸಿಯೋ ಉಪಕರಣವೋ ಎಂಬುದನ್ನು ನಿರ್ಣಯಿಸಲು ಅವಿಚ್ಛಿನ್ನವಾದ, ಪ್ರಾಮಾಣಿಕವಾದ ದಾಖಲೆಯೊಂದೇ ಗತಿ. ಆರ್ಯಭಟದ ಕೆಲವು ದಿನಗಳಿಂದ ಆಸ್ಟ್ರೋಸಾಟಿನ ದಶಕದವರೆಗಿನ ಸಾಧನೆಯ ಬೆಲೆ ಇದರಲ್ಲಿದೆ. ಇಂದು ಬರೆದಿಟ್ಟ ಅಂಕಿಯ ಪೂರ್ಣ ಅರ್ಥ ಮುಂದಿನ ತಲೆಮಾರಿಗೆ ತಿಳಿಯಬಹುದು. ನಡುವೆ ಬಿಟ್ಟುಹೋದ ವರ್ಷವನ್ನಾದರೋ ಯಾರೂ ಮರಳಿ ಬರೆಯಲಾರರು.