ಮಸ್ಕಿಯ ಬಂಡೆ ಮತ್ತು ಅಂಗವಿಕಲ ಮಕ್ಕಳ ಹಕ್ಕು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಇಲ್ಲಿನ ಬಂಡೆಯೊಂದರ ಮೇಲೆ ಅಶೋಕನ ಶಾಸನವನ್ನು ಪತ್ತೆಹಚ್ಚಿದರು. ಅದೇ ವರ್ಷ ನಿಜಾಮ್ ಸರಕಾರದ ಪ್ರಾಚ್ಯವಸ್ತು ಇಲಾಖೆ ಅದನ್ನು ಪ್ರಕಟಿಸಿತು. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಈ ಶಾಸನದಿಂದ ಖಚಿತವಾಯಿತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಅದರ ಕೊನೆಯ ಭಾಗ ಏನು ಹೇಳುತ್ತದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಉನ್ನತಿ ಕೇವಲ ದೊಡ್ಡವರಿಗೆ ಸಿಗುವಂಥದ್ದೆಂದು ತಿಳಿಯಬಾರದು, ಸಣ್ಣವನೂ ಅದನ್ನು ತಲುಪಬಲ್ಲ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಸಾರ.

ತಿಳಿಸಬೇಕು ಎಂಬ ಆ ಮಾತು ಬಹಳ ಮುಖ್ಯವಾದುದು. ನಮ್ಮ ದೇಶದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ ಹಕ್ಕಿನ ಚರಿತ್ರೆಯನ್ನು ನೋಡಿದರೆ, ಅದನ್ನು ಬರೆಯುವುದಕ್ಕೇ ದೀರ್ಘ ಕಾಲ ಹಿಡಿಯಿತು. ತಿಳಿಸುವ ಕೆಲಸವಂತೂ ಇನ್ನೂ ಬಾಕಿಯಿದೆ.

ಬ್ರಿಟಿಷರ ಕಾಲದ ಜನಗಣತಿಯಲ್ಲಿ 1872ರಿಂದ 1931ರವರೆಗೆ ಕುರುಡರು, ಕಿವುಡ-ಮೂಕರು, ಬುದ್ಧಿಭ್ರಮಣೆಯಾದವರು, ಕುಷ್ಠರೋಗಿಗಳು ಎಂದು ಎಣಿಕೆ ನಡೆಯುತ್ತಿತ್ತು. ಎಣಿಕೆ ಇತ್ತು, ಹಕ್ಕು ಇರಲಿಲ್ಲ. 1941ರಿಂದ ಎಣಿಕೆಯೂ ನಿಂತಿತು. 1981ರಲ್ಲಿ ಒಮ್ಮೆ ಕೇಳಿದರು, 1991ರಲ್ಲಿ ಮತ್ತೆ ಕೈಬಿಟ್ಟರು. ಲೆಕ್ಕಕ್ಕೇ ಇಲ್ಲದವರಿಗೆ ಶಾಲೆ ಎಲ್ಲಿಂದ ಬರಬೇಕು?

ಆ ಕಾಲದಲ್ಲಿ ಇಂಥ ಮಕ್ಕಳಿಗೆ ಆಸರೆಯಾದದ್ದು ಸಹೃದಯರ ಕರುಣೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ಸ್ಮರಿಸಲೇಬೇಕು. ಪಂಚಾಕ್ಷರಿ ಗವಾಯಿಗಳು (1892-1944) ಮತ್ತು ಪುಟ್ಟರಾಜ ಗವಾಯಿಗಳು (1914-2010) ಇಬ್ಬರೂ ದೃಷ್ಟಿಹೀನರು. ಅನೇಕ ಅಂಧ ಮಕ್ಕಳಿಗೆ ಅವರು ಅನ್ನ, ಆಶ್ರಯ ಮತ್ತು ಸಂಗೀತ ವಿದ್ಯೆ ಕೊಟ್ಟರು. ಆದರೆ ಕರುಣೆಯ ಬಾಗಿಲು ಎಷ್ಟೇ ದೊಡ್ಡದಾಗಿದ್ದರೂ ಊರೂರಿಗೆ ತೆರೆಯಲಾರದು. ಊರಿನ ಶಾಲೆಯೇ ತನ್ನ ಬಾಗಿಲು ತೆರೆಯಬೇಕಾದರೆ ಕಾನೂನು ಬೇಕಾಗುತ್ತದೆ.

ಸಂವಿಧಾನದ 41ನೇ ವಿಧಿ ಶಿಕ್ಷಣದ ಹಕ್ಕನ್ನೂ ಅಂಗವೈಕಲ್ಯದ ಸಂದರ್ಭದಲ್ಲಿ ಸರಕಾರದ ನೆರವನ್ನೂ ಪ್ರಸ್ತಾಪಿಸಿತು. ಆದರೆ ಅದು ನಿರ್ದೇಶಕ ತತ್ವ ಮಾತ್ರ, ಕೋರ್ಟಿಗೆ ಹೋಗಿ ಕೇಳುವಂತಿರಲಿಲ್ಲ. ಕೇಳಬಹುದಾದ ಕಾನೂನಿಗೆ 1995ರವರೆಗೆ ಕಾಯಬೇಕಾಯಿತು. ಅದು ದಾನವಾಗಿ ಬಂದುದಲ್ಲ. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಅಲೀಗಢದ ಜಾವೇದ್ ಆಬಿದಿ (1965-2018) ಮತ್ತವರ ಸಂಗಡಿಗರು ದಿಲ್ಲಿಯಲ್ಲಿ ಬೀದಿಗಿಳಿದು ಹೋರಾಡಿದರು. 1996ರ ಫೆಬ್ರವರಿ 7ರಂದು ಜಾರಿಗೆ ಬಂದ ಆ ಕಾಯ್ದೆ, ಅಂಗವಿಕಲ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣ ಒದಗಿಸುವುದು ಸರಕಾರದ ಹೊಣೆ ಎಂದಿತು. 2001ರ ಜನಗಣತಿಗೆ ಅಂಗವೈಕಲ್ಯದ ಪ್ರಶ್ನೆ ಮರಳಿದ್ದರಲ್ಲೂ ಈ ಹೋರಾಟಗಾರರ ಒತ್ತಡವಿತ್ತು.

ಅಲ್ಲಿಂದ ಕಾನೂನು ಮುಂದೆ ಸಾಗಿತು. 2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. 2012ರ ತಿದ್ದುಪಡಿಯ ಮೂಲಕ ಅದು ಅಂಗವಿಕಲ ಮಕ್ಕಳನ್ನು ಸ್ಪಷ್ಟವಾಗಿ ಒಳಗೊಂಡಿತು. 2016ರ ಹೊಸ ಕಾಯ್ದೆ, ಹಿಂದಿನ 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಇಚ್ಛಿಸಿದರೆ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5ರಷ್ಟು ಸೀಟು ಮೀಸಲು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ನೆರವಿಗೂ ಅವಕಾಶವಿದೆ. ಲಿಪಿಕಾರರ ನೆರವು ಶೇಕಡಾ 40ರ ಮಿತಿಗೆ ಒಳಪಟ್ಟವರಿಗೆ ಮಾತ್ರ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿತು.

ಇಷ್ಟೆಲ್ಲ ಇದ್ದೂ ಫಲವೇನು? 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ ಸುಮಾರು ಶೇಕಡಾ 45 ಮಂದಿ ಅನಕ್ಷರಸ್ಥರು. ಕರ್ನಾಟಕದಲ್ಲಿದ್ದವರು 13 ಲಕ್ಷಕ್ಕೂ ಹೆಚ್ಚು. ಅದೇ ಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75 ದಾಟಿದ್ದರೆ ರಾಯಚೂರು ಜಿಲ್ಲೆಯದು 60ನ್ನೂ ಮುಟ್ಟಿರಲಿಲ್ಲ. ಕಾಲು ಗಟ್ಟಿಯಿರುವ ಮಕ್ಕಳೇ ಶಾಲೆ ಬಿಟ್ಟು ಗದ್ದೆಗೆ, ಗುಳೆಗೆ ಹೋಗುವ ನಾಡಿನಲ್ಲಿ ನಡೆಯಲಾರದ ಮಗುವನ್ನು ವಿಚಾರಿಸುವವರು ಯಾರು?

ದೂರದ ಸಮಸ್ಯೆ ಬೇರೆ. ಒಂದು ಕಾಲದಲ್ಲಿ ಲಿಂಗಸುಗೂರೇ ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆ ರದ್ದಾಗಿ ರಾಯಚೂರಿಗೆ ಸೇರಿತು. ಅಂದಿನಿಂದ ಜಿಲ್ಲೆಯ ಕಚೇರಿಗಳೆಲ್ಲ ದೂರವಾದವು. ವೈಕಲ್ಯದ ಪ್ರಮಾಣಪತ್ರಕ್ಕೆ ತಜ್ಞ ವೈದ್ಯರ ತಪಾಸಣೆ ಬೇಕಾದಾಗ ಎಷ್ಟೋ ತಂದೆತಾಯಿಗಳು ಮಗುವನ್ನು ಹೊತ್ತು ಬಸ್ಸು ಹತ್ತಬೇಕಾಗುತ್ತದೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಮೇಲೆ ಬೀಳುತ್ತದೆ. ಮತ್ತೊಮ್ಮೆ ಬನ್ನಿ ಎಂದರೆ ಎರಡನೇ ದಿನದ ಕೂಲಿಯೂ ಹೋಗುತ್ತದೆ. ಪ್ರಮಾಣಪತ್ರ ಸಿಗದೇ ಹೋದರೆ ಕಾನೂನಿನ ಅನೇಕ ಸೌಲಭ್ಯಗಳು ಆ ಮಗುವಿನ ಪಾಲಿಗೆ ಇಲ್ಲವಾಗುತ್ತವೆ. ಮಸ್ಕಿ ಈಗ ಪ್ರತ್ಯೇಕ ತಾಲೂಕಾಗಿದೆ. ಹೊಸ ತಾಲೂಕು ಎಂದರೆ ಹೊಸ ಫಲಕ ಮಾತ್ರವೇ, ಅಥವಾ ಇಂಥ ಸೇವೆಗಳೂ ಹತ್ತಿರ ಬರುತ್ತವೆಯೇ ಎಂದು ಕೇಳುವ ಹಕ್ಕು ಜನರಿಗಿದೆ.

ಶಾಲೆಯಲ್ಲಿ ಪ್ರವೇಶ ನಿರಾಕರಿಸಿದರೆ ತಲೆತಗ್ಗಿಸಿ ಮರಳುವ ಅಗತ್ಯವಿಲ್ಲ. ಕಾರಣವನ್ನು ಬರಹದಲ್ಲಿ ಕೇಳಬಹುದು, ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಬಹುದು, ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಸಲ್ಲಿಸಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಆಯುಕ್ತರಿಗಿದೆ. ಆದರೆ ಈ ವಿಷಯ ಆ ತಾಯಿಗೆ ಗೊತ್ತಿರಬೇಕಲ್ಲವೇ?

ಇಲ್ಲೇ ನಮ್ಮ ಪಾತ್ರ ಬರುತ್ತದೆ. ಮನೆಯಲ್ಲಿ ಅಂಥ ಮಗು ಹುಟ್ಟಿದರೆ ನಾವು ಹಣೆಬರಹ ಎನ್ನುತ್ತೇವೆ, ಮದುವೆ-ಮುಂಜಿಗಳಲ್ಲಿ ಒಳಕೋಣೆಯಲ್ಲಿ ಕೂರಿಸುತ್ತೇವೆ, ಹಬ್ಬಕ್ಕೆ ಹೊಸ ಬಟ್ಟೆ ಕೊಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುತ್ತೇವೆ. ಆ ಮಗು ನಮ್ಮಿಂದ ಕೇಳುತ್ತಿರುವುದು ಬಟ್ಟೆಯನ್ನಲ್ಲ, ತನಗೆ ನ್ಯಾಯವಾಗಿ ಸಲ್ಲಬೇಕಾದ ಬೆಂಚನ್ನು. ಓದು ಬಲ್ಲ ಪ್ರತಿಯೊಬ್ಬರೂ ತಮ್ಮ ಓಣಿಯ ಒಂದು ಮನೆಗೆ ಹೋಗಿ ಈ ಹಕ್ಕನ್ನು ತಿಳಿಸಿದರೂ ಸಾಕು, ಶಾಲೆಯ ಹಾಜರಿ ಪುಸ್ತಕಕ್ಕೆ ಎಷ್ಟೋ ಹೆಸರುಗಳು ಸೇರಬಹುದು.

ಸಣ್ಣವರಿಗೂ ತಿಳಿಸಬೇಕೆಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ದೊರೆ ಮಸ್ಕಿಯ ಬಂಡೆಯ ಮೇಲೆ ಕೊರೆಸಿದ. ನಾವು ಬಂಡೆಯನ್ನು ಜೋಪಾನ ಮಾಡಿದ್ದೇವೆ. ಮಾತನ್ನೂ ಜೋಪಾನ ಮಾಡೋಣ.